ನರದೌರ್ಬಲ್ಯದ ಔಷಧಗಳೂ ವ್ಯಾಪಾರಿಯ ಸತ್ಯವೂ

ಅಂಗಡಿಗೆ ಬಂದ ಗಿರಾಕಿಯು ಅಕ್ಕಿಯನ್ನು ಅಂಗೈಯಲ್ಲಿ ಹಾಕಿಕೊಂಡು ನೋಡುತ್ತಾನೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೂಲನ್ನು ಪರೀಕ್ಷಿಸುತ್ತಾನೆ. ಬಂಗಾರವನ್ನು ಒರೆಗೆ ಹಚ್ಚಿಸುತ್ತಾನೆ. ತೂಕದಲ್ಲಿ ಅನುಮಾನ ಬಂದರೆ ಮತ್ತೊಂದು ತಕ್ಕಡಿಯಲ್ಲಿ ತೂಗಿಸುವ ಹಕ್ಕು ಅವನಿಗುಂಟು. ಆದರೆ ಔಷಧದ ಸೀಸೆಯೊಂದನ್ನು ಅವನ ಕೈಗಿತ್ತಾಗ ಅವನ ಬಳಿ ಯಾವ ಒರೆಗಲ್ಲೂ ಇರುವುದಿಲ್ಲ. ಸೀಸೆಯ ಮೇಲೆ ಅಂಟಿಸಿದ ಚೀಟಿಯ ಮಾತೇ ಅವನಿಗೆ ಪ್ರಮಾಣ. ಮಾರುವವನ ಸತ್ಯವಲ್ಲದೆ ಬೇರೆ ರಕ್ಷಣೆಯೇ ಇಲ್ಲದ ವ್ಯಾಪಾರ ಇದು. ಆ ಸತ್ಯವು ಕೈಬಿಟ್ಟಾಗ ಏನಾಗುತ್ತದೆ ಎಂಬುದಕ್ಕೆ ವಿಕ್ಟೋರಿಯಾ ರಾಣಿಯ ಕಾಲದ, ಅಂದರೆ 1837ರಿಂದ 1901ರವರೆಗಿನ, ಇಂಗ್ಲೆಂಡು ಮತ್ತು ಅದೇ ಕಾಲದ ಅಮೆರಿಕಗಳ ‘ಪೇಟೆಂಟ್ ಔಷಧ’ಗಳ ಚರಿತ್ರೆಯು ಒಂದು ದೊಡ್ಡ ಪಾಠವಾಗಿದೆ. ಅದರಲ್ಲಿಯೂ ನರಗಳ ದೌರ್ಬಲ್ಯವನ್ನು ಕಳೆಯುತ್ತೇವೆಂದು ಮಾತುಕೊಟ್ಟ ಔಷಧಗಳ ಕಥೆ ಹೆಚ್ಚು ವಿಚಾರಾರ್ಹವಾದುದು.

ಅದು ಉಗಿಯಂತ್ರದ ಕಾಲ. ಹಳ್ಳಿಯ ಜನ ನಗರಕ್ಕೆ ಬಂದರು. ಸೂರ್ಯನನ್ನು ನೋಡಿ ಏಳುತ್ತಿದ್ದವರು ಕಾರ್ಖಾನೆಯ ಗಂಟೆಗೆ ಏಳಬೇಕಾಯಿತು. ರೈಲು, ತಂತಿ, ದಿನಪತ್ರಿಕೆಗಳು ಮನಸ್ಸಿಗೆ ಬಿಡುವಿಲ್ಲದಂತೆ ಮಾಡಿದವು. ನಿದ್ರೆ ಬಾರದಿರುವುದು, ಎದೆ ಡವಡವನೆನ್ನುವುದು, ಕಾರಣವಿಲ್ಲದ ಆಯಾಸ, ಕಳವಳ, ತಲೆನೋವು ಇವೆಲ್ಲ ಮನೆಮನೆಯ ಮಾತಾದವು. ನ್ಯೂಯಾರ್ಕಿನ ನರವೈದ್ಯ ಜಾರ್ಜ್ ಮಿಲ್ಲರ್ ಬಿಯರ್ಡ್ 1869ರಲ್ಲಿ ಈ ಲಕ್ಷಣಗಳ ಸಮೂಹಕ್ಕೆ ‘ನ್ಯೂರಸ್ತೀನಿಯಾ’ ಎಂಬ ಹೆಸರನ್ನು ಪ್ರಚಾರಕ್ಕೆ ತಂದನು. ನರಗಳ ಶಕ್ತಿಯು ಖರ್ಚಾಗಿಹೋದ ಸ್ಥಿತಿ ಎಂಬುದು ಅದರ ಭಾವ. 1881ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಉಗಿಶಕ್ತಿ, ಪತ್ರಿಕೆ, ತಂತಿ, ವಿಜ್ಞಾನಗಳು, ಸ್ತ್ರೀಯರ ಬೌದ್ಧಿಕ ಚಟುವಟಿಕೆ ಇವೇ ಇದರ ಕಾರಣಗಳೆಂದು ಅವನು ವಾದಿಸಿದನು. ಕೊನೆಯ ಕಾರಣವನ್ನು ಇಂದು ಯಾರೂ ಒಪ್ಪಲಾರರು. ಆದರೆ ರೋಗಕ್ಕೆ ಒಂದು ಹೆಸರು ಸಿಕ್ಕಿತು. ಹೆಸರು ಸಿಕ್ಕಿದ ಕೂಡಲೇ ಅದಕ್ಕೆ ಔಷಧವನ್ನು ಮಾರುವವರೂ ಸಿಕ್ಕಿದರು.

‘ಪೇಟೆಂಟ್’ ಎಂಬ ಮಾತೇ ಇಲ್ಲಿ ಮೊದಲ ಮರೆಮಾಚಿಕೆ. ನಿಜವಾದ ಪೇಟೆಂಟ್ ಪಡೆಯಬೇಕಾದರೆ ಔಷಧದಲ್ಲಿ ಏನೇನಿದೆ ಎಂಬುದನ್ನು ಬಹಿರಂಗಪಡಿಸಬೇಕಾಗುತ್ತಿತ್ತು. ಆದುದರಿಂದ ಹೆಚ್ಚಿನ ವ್ಯಾಪಾರಿಗಳು ಪೇಟೆಂಟಿನ ಗೊಡವೆಗೇ ಹೋಗದೆ, ಹೆಸರು, ಚಿತ್ರ, ಸೀಸೆಯ ಆಕಾರ ಇವುಗಳನ್ನಷ್ಟೇ ಸ್ವಂತಮಾಡಿಕೊಂಡು ಒಳಗಿನದನ್ನು ಗುಟ್ಟಾಗಿಟ್ಟರು. ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದಿಂದಲೇ ಇಂತಹ ಔಷಧಗಳಿಗೆ ಸರ್ಕಾರದ ಮುದ್ರಾಶುಲ್ಕವಿತ್ತು. ಪೆಟ್ಟಿಗೆಯ ಮೇಲೆ ಅಂಟಿಸಿದ ಆ ಮುದ್ರೆ ಕೇವಲ ತೆರಿಗೆಯ ಗುರುತು. ಆದರೆ ಅದು ಸರ್ಕಾರವೇ ಔಷಧವನ್ನು ಪರೀಕ್ಷಿಸಿ ಕೊಟ್ಟ ಒಪ್ಪಿಗೆಯೆಂದು ಬಡಜನರು ತಿಳಿದರು. ಹಾಗೆ ತಿಳಿಯಲೆಂದೇ ವ್ಯಾಪಾರಿಗಳೂ ಬಯಸಿದರು.

ಸೀಸೆಯೊಳಗೆ ಏನಿತ್ತು? ಲ್ಯಾಂಕಷೈರಿನ ಸೇಂಟ್ ಹೆಲೆನ್ಸ್ ಊರಿನ ಥಾಮಸ್ ಬೀಚಂ ಬಾಲ್ಯದಲ್ಲಿ ಕುರಿ ಕಾಯುತ್ತಿದ್ದವನು. ಮುಂದೆ ಸಂತೆಗಳಲ್ಲಿ ಮಾತ್ರೆ ಮಾರಿ ಕೋಟ್ಯಧೀಶನಾದವನು. ಪಿತ್ತವಿಕಾರಕ್ಕೂ ನರಗಳ ವಿಕಾರಕ್ಕೂ ಅವನ ಮಾತ್ರೆ ರಾಮಬಾಣವೆಂದು ಪ್ರಚಾರವಾಗುತ್ತಿತ್ತು. ಪೆಟ್ಟಿಗೆಯೊಂದಕ್ಕೆ ಒಂದು ಗಿನಿ ಬೆಲೆ ಬಾಳುತ್ತದೆಂಬ ಘೋಷಣೆ ಎಲ್ಲೆಡೆಯೂ ಕಾಣುತ್ತಿತ್ತು. ಬ್ರಿಟಿಷ್ ವೈದ್ಯಕೀಯ ಸಂಘವು ಅದನ್ನು ಪರೀಕ್ಷೆ ಮಾಡಿಸಿ 1909ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಅದರಲ್ಲಿದ್ದದ್ದು ಲೋಳೆಸರದ ಒಣಗಿದ ರಸ, ಶುಂಠಿ ಮತ್ತು ಸಾಬೂನು. ಪೆಟ್ಟಿಗೆಯ ಬೆಲೆ ಒಂದು ಶಿಲ್ಲಿಂಗು ಒಂದೂವರೆ ಪೆನ್ನಿ. ಅದರೊಳಗಿನ 56 ಮಾತ್ರೆಗಳ ಸಾಮಗ್ರಿಯ ಖರ್ಚು ಸುಮಾರು ಅರ್ಧ ಫಾರ್ದಿಂಗ್. ನಾಲ್ಕು ಫಾರ್ದಿಂಗಿಗೆ ಒಂದು ಪೆನ್ನಿ ಎಂಬ ಲೆಕ್ಕದಲ್ಲಿ ಸಾಮಗ್ರಿಯ ಮೌಲ್ಯ ಮಾರಾಟದ ಬೆಲೆಯ 108ರಲ್ಲಿ ಒಂದು ಪಾಲು. ಶುಲ್ಕ, ಪೆಟ್ಟಿಗೆ, ಸಾಗಾಟ, ಅಂಗಡಿಯವನ ಲಾಭ ಇವನ್ನೆಲ್ಲ ನ್ಯಾಯವಾಗಿ ಕಳೆದರೂ, ಗಿರಾಕಿ ಕೊಟ್ಟ ಹಣದ ಬಹುಭಾಗ ಔಷಧಕ್ಕಲ್ಲ, ಔಷಧದ ಕೀರ್ತಿಗೆ ಸಂದಿತೆಂಬುದು ಸ್ಪಷ್ಟ. ಆ ಮಾತ್ರೆಯಿಂದ ಮಲಬದ್ಧತೆಗೆ ಗುಣ ಬಂದಿರಬಹುದು. ನರಗಳಿಗೆ ಬರಲು ಯಾವ ಕಾರಣವೂ ಇರಲಿಲ್ಲ.

ಇದು ಹಣದ ನಷ್ಟವಾಯಿತು. ಇನ್ನು ಕೆಲವು ಔಷಧಗಳು ದೇಹಕ್ಕೇ ಕೇಡನ್ನು ತಂದವು. ಅಮೆರಿಕದ ಇಂಡಿಯಾನಾ ಪ್ರಾಂತದ ಎಲ್ಕ್‌ಹಾರ್ಟ್ ಊರಿನ ವೈದ್ಯ ಫ್ರಾಂಕ್ಲಿನ್ ಮೈಲ್ಸ್ 1880ರ ದಶಕದಲ್ಲಿ ‘ನರ್ವೈನ್’ ಎಂಬ ದ್ರವವನ್ನು ಮಾರಾಟಕ್ಕೆ ತಂದನು. ಅದರ ಮುಖ್ಯ ಸತ್ವ ಬ್ರೋಮೈಡ್ ಲವಣಗಳು. ಬ್ರೋಮೈಡ್ ನಿಜಕ್ಕೂ ನರಗಳನ್ನು ಮಂಕುಗೊಳಿಸುತ್ತದೆ. 1857ರಲ್ಲಿ ಚಾರ್ಲ್ಸ್ ಲೋಕಾಕ್ ಎಂಬ ವೈದ್ಯನು ಅದನ್ನು ಅಪಸ್ಮಾರಕ್ಕೆ ಉಪಯೋಗಿಸಿದ್ದನ್ನು ತಿಳಿಸಿದಂದಿನಿಂದ ವೈದ್ಯರೂ ಅದನ್ನು ಕೊಡುತ್ತಿದ್ದರು. ಆದರೆ ದೇಹವು ಅದನ್ನು ಹೊರಹಾಕುವುದು ಬಹಳ ನಿಧಾನ. ಒಳಗೆ ಸೇರಿದ ಪ್ರಮಾಣದಲ್ಲಿ ಅರ್ಧದಷ್ಟು ಹೊರಹೋಗಲು ಸುಮಾರು 12 ದಿನ ಬೇಕು. ಪ್ರತಿದಿನ ಚಮಚೆಯಿಂದ ಕುಡಿಯುವವನ ದೇಹದಲ್ಲಿ ಅದು ಸಾಲದ ಬಡ್ಡಿಯಂತೆ ಬೆಳೆಯುತ್ತದೆ. ಮೈಮೇಲೆ ಗುಳ್ಳೆ, ಮರೆವು, ಕೈನಡುಕ, ತೊದಲು, ಕೊನೆಗೆ ಭ್ರಮೆ. ರೋಗಿಯು ನರಗಳ ಬೇನೆ ಹೆಚ್ಚಿತೆಂದು ತಿಳಿದು ಇನ್ನೊಂದು ಸೀಸೆಯನ್ನು ತರಿಸುತ್ತಾನೆ. ಔಷಧವೇ ರೋಗವಾಗಿ, ರೋಗವೇ ಮತ್ತಷ್ಟು ಔಷಧವನ್ನು ಬೇಡುವ ಈ ಚಕ್ರದಲ್ಲಿ ಸಿಲುಕಿ ಮಾನಸಿಕ ಆಸ್ಪತ್ರೆಯನ್ನು ಸೇರಿದವರು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೂ ಇದ್ದರು.

ಮೋಸಮಾಡಿದವರೆಲ್ಲರೂ ದುರುದ್ದೇಶದಿಂದಲೇ ಹೊರಟವರೆಂದು ಹೇಳುವುದು ಅನ್ಯಾಯವಾದೀತು. ಅಟ್ಲಾಂಟಾದ ಜಾನ್ ಪೆಂಬರ್ಟನ್ ಎಂಬ ಔಷಧ ತಯಾರಕನು 1865ರಲ್ಲಿ ಅಂತರ್ಯುದ್ಧದಲ್ಲಿ ಗಾಯಗೊಂಡು, ನೋವಿಗೆ ತೆಗೆದುಕೊಂಡ ಮಾರ್ಫಿನ್ನಿಗೆ ದಾಸನಾದವನು. ಅದರಿಂದ ಬಿಡಿಸಿಕೊಳ್ಳುವ ದಾರಿಯನ್ನು ಕೋಕಾ ಎಲೆಯಲ್ಲಿ ಹುಡುಕಿದನು. ಮೊದಲು ದ್ರಾಕ್ಷಾಮದ್ಯದಲ್ಲಿ ಕೋಕಾ ಬೆರೆಸಿ ನರಗಳ ಟಾನಿಕ್ಕೆಂದು ಮಾರಿದನು. ಅಟ್ಲಾಂಟಾದಲ್ಲಿ ಪಾನನಿಷೇಧ ಬಂದುದರಿಂದ 1886ರಲ್ಲಿ ಮದ್ಯವನ್ನು ಬಿಟ್ಟು ಸಕ್ಕರೆಯ ಪಾಕದಲ್ಲಿ ಅದನ್ನು ತಯಾರಿಸಿದನು. ತಲೆನೋವು ಮತ್ತು ನರಗಳ ವ್ಯಾಧಿಗಳಿಗೆ ಒಳ್ಳೆಯದೆಂದು ಸಾರಲಾದ ಆ ಪಾನೀಯವೇ ಇಂದು ಜಗತ್ತೆಲ್ಲ ಬಲ್ಲ ಕೋಕಾ-ಕೋಲಾ. ಎರಡು ವರ್ಷಗಳಲ್ಲಿ, 1888ರಲ್ಲಿ, ಪೆಂಬರ್ಟನ್ ತೀರಿಕೊಂಡನು. ತನ್ನನ್ನೇ ಗುಣಪಡಿಸಿಕೊಳ್ಳಲಾಗದವನು ಲೋಕಕ್ಕೆ ಔಷಧ ಕೊಡಲು ಹೊರಟದ್ದರಲ್ಲಿ ವಂಚನೆಗಿಂತ ಅಜ್ಞಾನ ಮತ್ತು ಆಶೆಗಳೇ ಹೆಚ್ಚು ಕಾಣುತ್ತವೆ. ಆದರೆ ಅಜ್ಞಾನಿಯು ಖಚಿತವಾಗಿ ನುಡಿದ ಮಾತಿನಿಂದ ಕೇಳಿದವನಿಗಾಗುವ ಹಾನಿ ಕಡಿಮೆಯಾಗುವುದಿಲ್ಲ.

ಮ್ಯಾಸಚೂಸೆಟ್ಸಿನ ಲಿನ್ ಪಟ್ಟಣದ ಲಿಡಿಯಾ ಪಿಂಕ್‌ಹ್ಯಾಂ ಅವರ ಕಥೆ ಇನ್ನೂ ಸೂಕ್ಷ್ಮವಾದುದು. ಆಕೆ ನೆರೆಹೊರೆಯ ಹೆಂಗಸರಿಗೆ ಗಿಡಮೂಲಿಕೆಯ ಕಷಾಯವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತಿದ್ದ ಗೃಹಿಣಿ. 1873ರ ಆರ್ಥಿಕ ಕುಸಿತದಲ್ಲಿ ಪತಿಯ ಆಸ್ತಿಯೆಲ್ಲ ಹೋಯಿತು. ಮಕ್ಕಳ ಒತ್ತಾಯದಿಂದ 1875ರಲ್ಲಿ ಆ ಕಷಾಯವನ್ನೇ ಮಾರಾಟಕ್ಕಿಟ್ಟರು. ಸ್ತ್ರೀಯರ ಬೇನೆಗಳಿಗೂ ಅದರೊಡನೆ ಬರುವ ನರಗಳ ಬಳಲಿಕೆಗೂ ಅದು ಔಷಧವೆಂದು ಹೇಳಲಾಯಿತು. ಅದರಲ್ಲಿ ನಮ್ಮ ಅಡಿಗೆಮನೆಯ ಮೆಂತ್ಯವೂ ಕೆಲವು ಬೇರುಗಳೂ ಇದ್ದವು. ಜೊತೆಗೆ ನೂರಕ್ಕೆ ಸುಮಾರು 18ರಿಂದ 20 ಭಾಗ ಮದ್ಯಸಾರವೂ ಇತ್ತು. ಮದ್ಯವನ್ನು ಮನೆಯ ಹೊಸ್ತಿಲು ದಾಟಗೊಡದ ಸಂಸಾರಗಳಲ್ಲಿಯೂ ಹೆಂಗಸರು ಔಷಧವೆಂಬ ನಂಬಿಕೆಯಿಂದ ಅದನ್ನು ದಿನಕ್ಕೆ ಮೂರು ಬಾರಿ ಕುಡಿದರು. ಕುಡಿದಾಗ ಹಾಯೆನಿಸಿದ್ದು ಸಹಜ. ಯಾವುದರಿಂದ ಹಾಯೆನಿಸಿತೆಂಬುದು ಮಾತ್ರ ಅವರಿಗೆ ತಿಳಿದಿರಲಿಲ್ಲ.

ಜನರು ಇಷ್ಟು ಸುಲಭವಾಗಿ ಏಕೆ ನಂಬಿದರು? ಇದಕ್ಕೆ ಉತ್ತರ ಹೇಳುವಾಗ ಆ ಕಾಲದ ವೈದ್ಯರ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪಾದರಸದ ಭೇದಿಮದ್ದು, ರಕ್ತ ತೆಗೆಯುವುದು ಇವೇ ಬಹುಕಾಲ ಅವರ ಚಿಕಿತ್ಸೆಯಾಗಿದ್ದವು. ವೈದ್ಯರ ಶುಲ್ಕವನ್ನು ಕೂಲಿಕಾರರು ಕೊಡಲಾರರು. ತನ್ನ ಸಂಕಟವನ್ನು ಪುರುಷ ವೈದ್ಯನ ಮುಂದೆ ಹೇಳಿಕೊಳ್ಳಲು ಸ್ತ್ರೀಯು ಸಂಕೋಚಪಡುತ್ತಿದ್ದಳು. ಹೇಳಿಕೊಂಡರೂ ಅದೆಲ್ಲ ಮನಸ್ಸಿನ ಕಲ್ಪನೆಯೆಂದು ತಳ್ಳಿಹಾಕುವವರೇ ಹೆಚ್ಚು. ಅಂತಹ ಸ್ಥಿತಿಯಲ್ಲಿ ಸೀಸೆಯ ಮೇಲಿನ ಒಬ್ಬ ವೃದ್ಧೆಯ ಸೌಮ್ಯವಾದ ಮುಖ, ನಿಮ್ಮ ಕಷ್ಟವನ್ನು ನನಗೆ ಬರೆಯಿರಿ ಎಂಬ ಆಹ್ವಾನ ಇವು ತಾಯಿಯ ಮಾತಿನಂತೆ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ರೋಗಿಯ ಮಾತನ್ನು ಕಿವಿಗೊಟ್ಟು ಕೇಳುವವರು ಇಲ್ಲದ ಕಡೆಯಲ್ಲಿಯೇ ಮೋಸದ ಔಷಧವು ಬೇರೂರುತ್ತದೆ.

ಸಾವಿರಾರು ಹೆಂಗಸರು ಪಿಂಕ್‌ಹ್ಯಾಂ ಅವರಿಗೆ ತಮ್ಮ ಅಂತರಂಗವನ್ನು ಬರೆದರು. ಉತ್ತರಗಳೂ ಬಂದವು. ಆದರೆ ಲಿಡಿಯಾ ಪಿಂಕ್‌ಹ್ಯಾಂ 1883ರಲ್ಲಿಯೇ ತೀರಿಕೊಂಡಿದ್ದರು. ಆ ಬಳಿಕವೂ ಶ್ರೀಮತಿ ಪಿಂಕ್‌ಹ್ಯಾಂ ಅವರಿಗೆ ಬರೆಯಿರೆಂಬ ಜಾಹೀರಾತು ನಿಲ್ಲಲಿಲ್ಲ. 1905ರಲ್ಲಿ ‘ಲೇಡೀಸ್ ಹೋಮ್ ಜರ್ನಲ್’ ಪತ್ರಿಕೆಯ ಸಂಪಾದಕ ಎಡ್ವರ್ಡ್ ಬಾಕ್ ಆಕೆಯ ಸಮಾಧಿಯ ಕಲ್ಲಿನ ಛಾಯಾಚಿತ್ರವನ್ನೇ ಅಚ್ಚುಹಾಕಿ ಈ ಗುಟ್ಟನ್ನು ಬಯಲುಮಾಡಿದನು. ಮೃತಳ ಸೊಸೆಯೂ ಶ್ರೀಮತಿ ಪಿಂಕ್‌ಹ್ಯಾಂ ಎಂಬುದು ಕಂಪನಿಯ ಸಮಜಾಯಿಷಿಯಾಗಿತ್ತು. ಅಕ್ಷರಶಃ ನೋಡಿದರೆ ಅದರಲ್ಲಿ ಸುಳ್ಳಿಲ್ಲ. ಆದರೆ ಓದುವವರು ತಪ್ಪಾಗಿ ತಿಳಿಯಲಿ ಎಂಬ ಉದ್ದೇಶದಿಂದ ಆಡಿದ ನಿಜವೂ ಅಸತ್ಯದ ಪಂಕ್ತಿಯಲ್ಲಿಯೇ ಕುಳಿತುಕೊಳ್ಳುತ್ತದೆ. ಇದಕ್ಕಿಂತಲೂ ಹೀನವಾದ ಇನ್ನೊಂದು ವ್ಯವಹಾರವೂ ಆಗ ಅಮೆರಿಕದಲ್ಲಿ ನಡೆಯುತ್ತಿತ್ತು. ಹಲವು ಔಷಧ ಕಂಪನಿಗಳಿಗೆ ರೋಗಿಗಳು ಗುಟ್ಟೆಂದು ನಂಬಿ ಬರೆದ ಕಾಗದಗಳನ್ನು ದಳ್ಳಾಳಿಗಳು ಕಟ್ಟುಕಟ್ಟಾಗಿ ಕೊಂಡು, ಅದೇ ರೋಗಕ್ಕೆ ಮದ್ದು ಮಾರುವ ಬೇರೆಯವರಿಗೆ ಮಾರುತ್ತಿದ್ದರು. ಒಬ್ಬರ ಕಣ್ಣೀರು ಮತ್ತೊಬ್ಬರ ಸರಕಾಯಿತು.

ಪತ್ರಿಕೆಗಳು ಸುಮ್ಮನಿದ್ದುದೇಕೆ? ಅವುಗಳ ಆದಾಯದ ದೊಡ್ಡ ಪಾಲು ಇದೇ ಜಾಹೀರಾತುಗಳಿಂದ ಬರುತ್ತಿತ್ತು. ಫ್ರಾಂಕ್ ಚೀನಿ ಎಂಬ ಔಷಧ ವ್ಯಾಪಾರಿಯು ಪತ್ರಿಕೆಗಳೊಡನೆ ಮಾಡಿಕೊಳ್ಳುವ ಕರಾರಿನಲ್ಲಿ ಕೆಂಪು ಅಕ್ಷರದ ಒಂದು ಷರತ್ತನ್ನು ಸೇರಿಸುವ ಉಪಾಯವನ್ನು ಹೂಡಿದನು. ಆ ಪ್ರಾಂತದಲ್ಲಿ ಇಂತಹ ಔಷಧಗಳ ವಿರುದ್ಧ ಕಾಯಿದೆ ಬಂದರೆ ಜಾಹೀರಾತಿನ ಕರಾರು ರದ್ದಾಗುವುದೆಂಬುದೇ ಆ ಷರತ್ತು. ಹೀಗಾಗಿ ಕಾಯಿದೆಯನ್ನು ವಿರೋಧಿಸುವುದು ಪತ್ರಿಕೆಯ ಸ್ವಂತ ಹಿತವಾಯಿತು. ಈ ಕಟ್ಟನ್ನು ಮುರಿದದ್ದೂ ಪತ್ರಿಕೆಯೇ. 1905ರ ಅಕ್ಟೋಬರ್ 7ರಿಂದ ‘ಕಾಲಿಯರ್ಸ್’ ವಾರಪತ್ರಿಕೆಯಲ್ಲಿ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆಡಮ್ಸ್ ಬರೆದ ಲೇಖನಮಾಲೆಯು ಜನರ ಕಣ್ಣು ತೆರೆಸಿತು. 1906ರ ಜೂನ್ 30ರಂದು ಅಮೆರಿಕದಲ್ಲಿ ಶುದ್ಧ ಆಹಾರ ಮತ್ತು ಔಷಧ ಕಾಯಿದೆಗೆ ಅಧ್ಯಕ್ಷರ ಅಂಕಿತ ಬಿದ್ದಿತು. ಮದ್ಯಸಾರ, ಅಫೀಮು, ಮಾರ್ಫಿನ್, ಕೊಕೇನ್ ಮೊದಲಾದವು ಔಷಧದಲ್ಲಿದ್ದರೆ ಚೀಟಿಯ ಮೇಲೆ ಹೇಳಲೇಬೇಕಾಯಿತು. ಆ ಕಾಯಿದೆಯು ಅವುಗಳನ್ನು ನಿಷೇಧಿಸಲಿಲ್ಲ. ಹೇಳಿ ಮಾರು ಎಂದಿತು, ಅಷ್ಟೆ. ಇಂಗ್ಲೆಂಡಿನಲ್ಲಿ ವೈದ್ಯಕೀಯ ಸಂಘದ 1909ರ ಪುಸ್ತಕವು ಒಂದು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಆದರೂ ಅದರ ಜಾಹೀರಾತನ್ನು ಅಚ್ಚುಹಾಕಲು ಅನೇಕ ಪತ್ರಿಕೆಗಳು ಒಪ್ಪಲಿಲ್ಲ. ಪಾರ್ಲಿಮೆಂಟಿನ ಸಮಿತಿಯೊಂದು ಎರಡು ವರ್ಷ ವಿಚಾರಣೆ ನಡೆಸಿ ಸಿದ್ಧಪಡಿಸಿದ ವರದಿ ಹೊರಬಂದದ್ದು 1914ರ ಆಗಸ್ಟ್ 4ರಂದು. ಅಂದೇ ಮಹಾಯುದ್ಧದ ಘೋಷಣೆಯಾಗಿ ವರದಿ ಮೂಲೆಗೆ ಬಿದ್ದಿತು. ಔಷಧದಲ್ಲಿ ಏನಿದೆಯೆಂದು ತಿಳಿಸಬೇಕೆಂಬ ಕಾಯಿದೆ ಅಲ್ಲಿ ಬಂದದ್ದು 1941ರಲ್ಲಿ.

ಈ ಚರಿತ್ರೆಯಲ್ಲಿ ಧರ್ಮಸಂಸ್ಥೆಗಳನ್ನು ನಡೆಸುವವರು ವಿಶೇಷವಾಗಿ ಮನನ ಮಾಡಬೇಕಾದ ವ್ಯಕ್ತಿ ಥಾಮಸ್ ಹಾಲೊವೆ. 1800ರಲ್ಲಿ ಹುಟ್ಟಿದ ಈತನು ವಿಕ್ಟೋರಿಯಾ ಪಟ್ಟಕ್ಕೆ ಬಂದ 1837ರಲ್ಲಿಯೇ ಲಂಡನ್ನಿನಲ್ಲಿ ಮುಲಾಮಿನ ವ್ಯಾಪಾರವನ್ನಾರಂಭಿಸಿ, ಬಳಿಕ ಮಾತ್ರೆಗಳನ್ನೂ ಸೇರಿಸಿದನು. ಜಾಹೀರಾತಿಗಾಗಿ ಮಾಡಿದ ಸಾಲವನ್ನು ತೀರಿಸಲಾಗದೆ ಸೆರೆಮನೆಯನ್ನೂ ಕಂಡನು. ಆದರೂ ಜಾಹೀರಾತನ್ನು ಬಿಡಲಿಲ್ಲ. 1842ರಲ್ಲಿ ವರ್ಷಕ್ಕೆ 5,000 ಪೌಂಡಿದ್ದ ಆ ಖರ್ಚು ಕೊನೆಗಾಲದಲ್ಲಿ 50,000 ಪೌಂಡಿಗೆ ಮುಟ್ಟಿತು. ಅವನೂ ಅವನ ಪತ್ನಿ ಜೇನ್ ಅವಳೂ ಬೆಳಗಿನ ಜಾವದಿಂದ ರಾತ್ರಿಯವರೆಗೆ ದುಡಿದರು. ದುಂದುವೆಚ್ಚ ಮಾಡಲಿಲ್ಲ. ಮಕ್ಕಳಿರಲಿಲ್ಲ. ಮಾತ್ರೆಯ ಮುಖ್ಯ ಸಾಮಗ್ರಿ ಅದೇ ಲೋಳೆಸರದ ರಸ. ಅದು ವಾಸಿಮಾಡುವುದೆಂದು ಹೇಳಿಕೊಂಡ ರೋಗಗಳಿಗೆ ಮಾತ್ರ ಮಿತಿಯೇ ಇರಲಿಲ್ಲ. ಹೀಗೆ ಕೂಡಿದ ಐಶ್ವರ್ಯವನ್ನು ಏನು ಮಾಡಬೇಕೆಂಬ ಪ್ರಶ್ನೆ ವೃದ್ಧಾಪ್ಯದಲ್ಲಿ ಅವನ ಮುಂದೆ ನಿಂತಿತು. ಅವನು ಎರಡು ಮಹಾಸೌಧಗಳನ್ನು ಕಟ್ಟಿಸಿದನು. ಒಂದು, ವರ್ಜೀನಿಯಾ ವಾಟರ್ ಎಂಬಲ್ಲಿ ಮಧ್ಯಮ ವರ್ಗದ ಮನೋರೋಗಿಗಳಿಗಾಗಿ ಕಟ್ಟಿದ ಆರೋಗ್ಯಧಾಮ. ಅದು 1885ರಲ್ಲಿ ತೆರೆಯಿತು. ಇನ್ನೊಂದು, ಪತ್ನಿಯ ಸ್ಮರಣೆಗಾಗಿ ಎಗಂ ಊರಿನ ಬಳಿ ಸ್ಥಾಪಿಸಿದ ಸ್ತ್ರೀಯರ ಕಾಲೇಜು; 1886ರಲ್ಲಿ ರಾಣಿಯೇ ಬಂದು ಅದನ್ನು ಉದ್ಘಾಟಿಸಿದಳು. ಎರಡನ್ನೂ ನೋಡಲು ಹಾಲೊವೆ ಉಳಿದಿರಲಿಲ್ಲ. 1883ರಲ್ಲಿಯೇ ಅವನ ಆಯುಷ್ಯ ಮುಗಿದಿತ್ತು. ಆರೋಗ್ಯಧಾಮವು 1980ರ ಹೊತ್ತಿಗೆ ಮುಚ್ಚಿತು. ಕಾಲೇಜು ಲಂಡನ್ ವಿಶ್ವವಿದ್ಯಾನಿಲಯದ ಅಂಗವಾಗಿ ಇಂದಿಗೂ ವಿದ್ಯಾದಾನ ಮಾಡುತ್ತಿದೆ.

ಮಾತ್ರೆಯಿಂದ ಮನಸ್ಸು ನೆಟ್ಟಗಾಗದವರಿಗೆ ಮಾತ್ರೆಯ ಹಣದಿಂದಲೇ ಆಸ್ಪತ್ರೆ! ಇದನ್ನು ಪ್ರಾಯಶ್ಚಿತ್ತವೆನ್ನಬೇಕೆ, ಕೀರ್ತಿಯ ಆಶೆಯೆನ್ನಬೇಕೆ? ಒಬ್ಬನ ಅಂತರಂಗವನ್ನು ನಿರ್ಣಯಿಸುವ ಅಧಿಕಾರ ಯಾರಿಗೂ ಇಲ್ಲ. ಅನೇಕಾಂತದೃಷ್ಟಿಯಿಂದ ನೋಡಿದರೆ ಎರಡು ಮಾತೂ ನಿಜವಾಗಬಹುದು. ಆ ಕಾಲೇಜಿನಲ್ಲಿ ಓದಿದ ಸ್ತ್ರೀಯರಿಗೆ ದೊರೆತ ವಿದ್ಯೆ ಸತ್ಯವಾದುದು. ಅದೇ ರೀತಿ, ಒಂದು ದಿನದ ಕೂಲಿಯನ್ನು ಕೊಟ್ಟು ಪ್ರಯೋಜನವಿಲ್ಲದ ಪೆಟ್ಟಿಗೆಯನ್ನು ಕೊಂಡ ರೋಗಿಯ ನಷ್ಟವೂ ಸತ್ಯವಾದುದೇ. ದಾನದಿಂದ ಮೊದಲನೆಯದು ಹುಟ್ಟಿತು; ಎರಡನೆಯದು ಅಳಿಯಲಿಲ್ಲ. ವಂಚಿತನಾದವನು ಒಬ್ಬ, ದಾನ ಪಡೆದವನು ಇನ್ನೊಬ್ಬ. ಸಾಲ ಕೊಟ್ಟವನನ್ನು ಬಿಟ್ಟು ನೆರೆಮನೆಯವನಿಗೆ ಹಣ ಕೊಟ್ಟರೆ ಖಾತೆ ಚುಕ್ತಾ ಆಗುವುದಿಲ್ಲವೆಂಬುದು ಲೆಕ್ಕ ಬರೆಯುವ ಪ್ರತಿಯೊಬ್ಬ ಗುಮಾಸ್ತನಿಗೂ ಗೊತ್ತು.

ನಮ್ಮ ಆಚಾರ್ಯರು ಶ್ರಾವಕನ ಅಣುವ್ರತಗಳಿಗೆ ಅತಿಚಾರಗಳನ್ನು ಹೇಳುವಾಗ ಅಂಗಡಿಯ ವ್ಯವಹಾರವನ್ನು ಎಷ್ಟು ಹತ್ತಿರದಿಂದ ಕಂಡಿದ್ದರೆಂಬುದು ಇಲ್ಲಿ ಮನವರಿಕೆಯಾಗುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳಾಗಿ ಬರುವ ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ ಇವುಗಳನ್ನು ಈ ಚರಿತ್ರೆಯ ಪಕ್ಕದಲ್ಲಿಟ್ಟು ನೋಡಬಹುದು. ಗುಣವಿಲ್ಲದ ಔಷಧಕ್ಕೆ ಗುಣವನ್ನು ಸಾರುವುದು ಮಿಥ್ಯೋಪದೇಶ. ಗುಟ್ಟಾಗಿ ಬರೆದ ಕಾಗದವನ್ನು ಮಾರುವುದು ರಹೋಭ್ಯಾಖ್ಯಾನ. ಸತ್ತವಳ ಹೆಸರಿನಲ್ಲಿ ಉತ್ತರ ಬರೆಯುವುದು ಕೂಟಲೇಖ. ಅಚೌರ್ಯದ ಅತಿಚಾರಗಳಲ್ಲಿ ಕೊನೆಯದಾದ ಪ್ರತಿರೂಪಕ ವ್ಯವಹಾರವೆಂದರೆ ಒಂದನ್ನು ತೋರಿಸಿ ಮತ್ತೊಂದನ್ನು ಕೊಡುವುದು. ಟಾನಿಕ್ಕಿನ ಹೆಸರಿನಲ್ಲಿ ಮದ್ಯವನ್ನು ಕೊಟ್ಟದ್ದು ಅದೇ. ಮದ್ಯತ್ಯಾಗ ಮಾಡಿದ ಒಬ್ಬನಿಗೆ ತಿಳಿಯದಂತೆ ಮದ್ಯವನ್ನು ಕುಡಿಸಿದಾಗ ವ್ರತಭಂಗದ ದೋಷ ಕುಡಿದವನಿಗಿಂತ ಮುಚ್ಚಿಟ್ಟವನ ಮೇಲೆ ಬೀಳುತ್ತದೆ. ಆದರೂ ಚೀಟಿಯನ್ನು ಓದಬಲ್ಲ ಕಾಲದಲ್ಲಿ ಓದದೆ ಕುಡಿಯುವವನು ತನ್ನ ಪ್ರಮಾದಕ್ಕೆ ತಾನೇ ಹೊಣೆ.

ಭಾರತದಲ್ಲಿಯೂ ಈ ವಿಷಯ ಹಳೆಯದಾಗಿಲ್ಲ. 1954ರಲ್ಲಿ ನಮ್ಮ ಸಂಸತ್ತು ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳ ಬಗ್ಗೆ ಕಾಯಿದೆಯನ್ನು ಮಾಡಿತು. ಗುಣಪಡಿಸುತ್ತೇವೆಂದು ಜಾಹೀರಾತು ಕೊಡಬಾರದ ರೋಗಗಳ ಪಟ್ಟಿಯನ್ನು ಅದರ ಪರಿಶಿಷ್ಟದಲ್ಲಿ ಕೊಡಲಾಯಿತು. ಆ ಪಟ್ಟಿಯಲ್ಲಿ ಪಾರ್ಶ್ವವಾಯು, ಬೊಜ್ಜುಗಳ ಜೊತೆಗೆ ನರದೌರ್ಬಲ್ಯದ ಹೆಸರೂ ಇದೆ. ವಿಕ್ಟೋರಿಯಾ ಕಾಲದ ಆ ಒಂದು ಪದವು ಸಮುದ್ರವನ್ನು ದಾಟಿ ನಮ್ಮ ಶಾಸನಗ್ರಂಥವನ್ನು ಸೇರಿದೆ. ಕಾಯಿದೆಯು ಗೋಡೆಯ ಮೇಲಿನ ಬರಹವನ್ನು ಅಳಿಸಬಲ್ಲದು. ಆತಂಕಗೊಂಡ ಮನಸ್ಸನ್ನು ಕಂಡು ಲಾಭವನ್ನೆಣಿಸುವ ಬುದ್ಧಿಯನ್ನು ಅಳಿಸುವುದು ವ್ರತದಿಂದ ಮಾತ್ರ ಸಾಧ್ಯ.

ಜೈನ ಪರಂಪರೆಯಲ್ಲಿ ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಗಳಲ್ಲಿ ಔಷಧಕ್ಕೆ ಸ್ಥಾನವಿದೆ. ಕೊಡುವುದರಿಂದ ಪುಣ್ಯವಾಗುವ ವಸ್ತುವನ್ನು ಮಾರುವವನ ಮೇಲೆ ಅದರ ಪಾವಿತ್ರ್ಯವನ್ನು ಕಾಯುವ ಹೊಣೆ ಇಮ್ಮಡಿಯಾಗುತ್ತದೆ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನು ಮೊದಲಿಗೇ ಇಟ್ಟಿದ್ದಾರೆ. ದಾನವು ಗಳಿಕೆಯ ನಂತರ ಬರುವ ಕಾರ್ಯ. ನ್ಯಾಯವು ಗಳಿಕೆಯೊಳಗೇ ಇರಬೇಕಾದುದು. ಮಾನಸ್ತಂಭಕ್ಕೆ ಹಣ ಕೊಡುವವರ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸುವ ಮೊದಲು ಟ್ರಸ್ಟಿನವರು ಒಂದು ಕ್ಷಣ ಯೋಚಿಸಿದರೆ ತಪ್ಪಿಲ್ಲ. ಕೊಡುವವರು ಅದಕ್ಕೂ ಮೊದಲೇ, ಅಂಗಡಿಯಲ್ಲಿ ತಕ್ಕಡಿ ಹಿಡಿದಾಗಲೇ, ಯೋಚಿಸಿದ್ದರೆ ಇನ್ನೂ ಒಳ್ಳೆಯದು. ಹಾಲೊವೆಯ ಸೌಧಗಳು ನೋಡಲು ಭವ್ಯವಾಗಿವೆ. ಆದರೆ ಅವನ ಪೆಟ್ಟಿಗೆಯ ಮೇಲೆ ಒಳಗಿರುವುದು ಲೋಳೆಸರವೆಂದೂ ಅದರಿಂದ ಹೊಟ್ಟೆಯಷ್ಟೇ ಹಗುರಾಗುವುದೆಂದೂ ನಿಜವಾಗಿ ಬರೆದಿದ್ದರೆ ಅದೇ ಅವನ ಮೊದಲನೆಯ ಮತ್ತು ದೊಡ್ಡ ದಾನವಾಗುತ್ತಿತ್ತು.